ಎರಡು ಗೆರೆ ಕೂಡುವ ಜಾಗ

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಎಲ್ಲಿದ್ದೆ ಎಂದು ಕೇಳುವುದಿಲ್ಲ. ಅಲ್ಲಿ ಯಾಕಿದ್ದೆ ಎಂದು ಕೇಳುತ್ತಾರೆ. ಎಲ್ಲಿದ್ದೆ ಎನ್ನುವುದು ಮನೆಯ ಲೋಟಕ್ಕೇ ಗೊತ್ತಿರುವಾಗ ಬಾಯಿ ನೋಯಿಸಿಕೊಳ್ಳುವುದು ಯಾಕೆ? ನಾಮಕರಣದ ದಿನ ತಾಮ್ರದ ಲೋಟಕ್ಕೆ ತುಂಬಿಟ್ಟ ನೀರು, ಆ ಮಗು ಯಾವ ದಿಕ್ಕಿಗೆ ಹೋಗುತ್ತದೋ ಆ ದಿಕ್ಕಿನ ಅಂಚಿಗೆ ಒಂದು ಕಾಳಿನಷ್ಟು ಏರಿ ನಿಲ್ಲುತ್ತದೆ. ಮಗು ಬೆಳೆದು ಮುದುಕನಾದರೂ ಅಷ್ಟೆ. ಪ್ರತಿ ಮನೆಯ ನಡುಮನೆಯಲ್ಲೂ ಒಂದು ಗೂಡು, ಗೂಡಿನಲ್ಲಿ ತಲೆಗೊಂದು ಲೋಟ. ತಾಯಂದಿರು ಒಲೆಯ ಮುಂದೆ ಮುದ್ದೆ ತಿರುವುತ್ತಲೇ ಒಮ್ಮೆ ಆ ಕಡೆ ಕಣ್ಣು ಹಾಯಿಸುತ್ತಾರೆ. ದೊಡ್ಡವನು ಶಾಲೆಯ ದಿಕ್ಕಿನಲ್ಲಿದ್ದಾನೆ, ಸರಿ. ಚಿಕ್ಕವನು ಟ್ಯೂಷನ್ ಬಿಟ್ಟು ಕೆರೆಯ ಕಡೆಗಿದ್ದಾನೆ, ಬರಲಿ ಮನೆಗೆ.

ಫೋನುಗಳು ನಮ್ಮಲ್ಲೂ ಇವೆ. ಹೊರಗಿನ ಊರುಗಳಲ್ಲಿ ಆ ಫೋನಿನಲ್ಲೇ ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರು ನೋಡಿಕೊಳ್ಳುತ್ತಾರಂತೆ, ಅದು ಸರಿಯೋ ತಪ್ಪೋ ಎಂದು ಅಲ್ಲಿ ದೊಡ್ಡ ಗಲಾಟೆಯಂತೆ. ಫೋನನ್ನಾದರೆ ದಿಂಬಿನ ಕೆಳಗಿಟ್ಟು ಎದ್ದು ಹೋಗಬಹುದು. ಪುಣ್ಯವಂತರು, ಅದರ ಮೇಲೆ ಗಲಾಟೆ ಬೇರೆ ಮಾಡುತ್ತಾರೆ.

ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಯಾರ ಲೋಟವೂ ಅವರ ಕೈಯಲ್ಲಿರುವುದಿಲ್ಲ. ಹುಡುಗಿಯ ಲೋಟ ಅಪ್ಪನ ಬಳಿ ಇರುತ್ತದೆ. ಧಾರೆ ಮುಗಿದ ಮೇಲೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಹನಿ ಚೆಲ್ಲದ ಹಾಗೆ ಗಂಡಿನ ಮನೆಯ ಗೂಡಿಗೆ ಸಾಗಿಸುತ್ತಾರೆ. ಗಂಡಸಿನ ಲೋಟ ತಾಯಿಯ ಕೈಯಿಂದ ಹೆಂಡತಿಯ ಕೈಗೆ ಬರುತ್ತದೆ. ನನ್ನದು ಮೂವತ್ತೊಂದು ವರ್ಷದಿಂದ ನನ್ನ ಹೆಂಡತಿ ಸಾಕಮ್ಮನ ಬಳಿ ಇದೆ. ಬೀಡಿ ಅಂಗಡಿಯ ದಿಕ್ಕು ಯಾವುದೆಂದು ಅವಳಿಗೆ ಬಾಯಿಪಾಠವಾಗಿರುವುದರಿಂದ ನಾನು ಬೀಡಿ ಬಿಟ್ಟೆ. ಊರವರು ಅದನ್ನು ನನ್ನ ಸಂಯಮ ಎಂದುಕೊಂಡಿದ್ದಾರೆ.

ಲೋಟ ದಿಕ್ಕು ಹೇಳುತ್ತದೆಯೇ ಹೊರತು ದೂರ ಹೇಳುವುದಿಲ್ಲ. ಪಶ್ಚಿಮಕ್ಕೆ ಎಂದರೆ ಪಶ್ಚಿಮದ ಆಸ್ಪತ್ರೆಯೂ ಆಗಬಹುದು, ಅದರಾಚೆಯ ಲಾಡ್ಜೂ ಆಗಬಹುದು. ಅಲ್ಲಿಗೆ ನಾನು ಬೇಕಾಗುತ್ತೇನೆ. ಸರ್ವೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸರಪಳಿ ಎಳೆದವನು ನಾನು, ಕೆಂಚಪ್ಪ. ಈಗ ಹದಿನಾಲ್ಕು ವರ್ಷದಿಂದ ಊರಿಗೆಲ್ಲ ಅಳತೆ ಕೆಂಚಪ್ಪ. ಮನೆಯಲ್ಲಿ ಲೋಟ ನೋಡಿ ಊರಿನ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತೇನೆ. ಅದೇ ಲೋಟವನ್ನು ಇನ್ನೊಂದು ಜಾಗಕ್ಕೆ ಒಯ್ದು ಮತ್ತೆ ನೋಡಿ ಇನ್ನೊಂದು ಗೆರೆ ಎಳೆಯುತ್ತೇನೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಆ ಮನುಷ್ಯ ಅಲ್ಲಿದ್ದಾನೆ. ಗಟ್ಟಿ ಮಾಡಿಕೊಳ್ಳಲು ಮೂರನೆಯ ಜಾಗದಿಂದ ಮೂರನೆಯ ಗೆರೆ. ಮೂರೂ ಒಂದೇ ಚುಕ್ಕೆಯ ಮೇಲೆ ಹಾದರೆ ಚೀಟಿ ಬರೆದು ಸಹಿ ಹಾಕಿ ಕೊಡುತ್ತೇನೆ. ನನ್ನ ಚೀಟಿ ಎಂದರೆ ಪುರಸಭೆಯವರೂ ಎರಡನೇ ಮಾತಾಡುವುದಿಲ್ಲ.

ಈ ಕೆಲಸದಲ್ಲಿ ನನಗೆ ಸಿಕ್ಕಿದ ಜನರನ್ನು ನೆನೆದರೆ ತಲೆ ಚಿಟ್ಟು ಹಿಡಿಯುತ್ತದೆ. ಒಬ್ಬಾಕೆ ಗಂಡನನ್ನು ಹುಡುಕಿಸಲು ನನ್ನನ್ನು ಬೆಳಗಿನ ತಿಂಡಿಯಿಂದ ಎಬ್ಬಿಸಿಕೊಂಡು ಹೋದಳು. ಎರಡು ಗೆರೆ ಎಳೆದು ನೋಡಿದರೆ ಆತ ಅವರ ಮನೆಯ ಹಿತ್ತಲಲ್ಲೇ ಬಟ್ಟೆ ಒಗೆಯುತ್ತಿದ್ದ. ಇನ್ನೊಬ್ಬರು ಮಗಳು ಕಾಲೇಜಿನ ಯಾವ ಕೊಠಡಿಯಲ್ಲಿದ್ದಾಳೆಂದು ಬರೆದು ಕೊಡಿ ಎಂದು ಹಟ ಹಿಡಿದರು. ಒಬ್ಬರ ಬೆನ್ನು ಹತ್ತಿ ಹೋಗಿ ನೋಡುವುದು ನಮ್ಮ ಊರಿನಲ್ಲಿ ಬಹಳ ಹೀನ ಕೆಲಸ, ಹಾಗೆ ಮಾಡಿದವರ ಮನೆಗೆ ಹೆಣ್ಣು ಕೊಡುವುದಿಲ್ಲ. ಲೋಟದಲ್ಲಿ ನೋಡುವುದು ಮಾತ್ರ ಮರ್ಯಾದಸ್ಥರ ಕೆಲಸ.

ಹಿಟ್ಟಿನ ಗಿರಣಿಯ ತಿಪ್ಪೇಶಿ ನನ್ನಲ್ಲಿಗೆ ಬಂದಿದ್ದು ಏಪ್ರಿಲ್ ತಿಂಗಳ ಒಂದು ಗುರುವಾರ ಮಧ್ಯಾಹ್ನ. ಗುರುವಾರ ಗಿರಣಿಗೆ ರಜ. ಅವನ ಹೆಂಡತಿ ಕಮಲಾಕ್ಷಿ ಐದಾರು ತಿಂಗಳಿನಿಂದ ಪ್ರತಿ ಗುರುವಾರ ಎರಡೂವರೆಗೆ ಮನೆ ಬಿಟ್ಟರೆ ಐದು ಗಂಟೆಗೆ ಬರುತ್ತಾಳಂತೆ. ಕೇಳಿದರೆ ಹಾಗೇ ಹೋಗಿದ್ದೆ ಎನ್ನುತ್ತಾಳಂತೆ. ತಿಪ್ಪೇಶಿ ಒರಟನಲ್ಲ, ಕುಡುಕನಲ್ಲ. ಇಪ್ಪತ್ತೆರಡು ವರ್ಷ ಅವಳ ಜೊತೆ ಒಂದೇ ಗಿರಣಿಯಲ್ಲಿ ಹಿಟ್ಟು ಹಿಡಿದವನು. ನನ್ನ ಜಗಲಿಯ ಮೇಲೆ ಕುಳಿತು ಪಂಚೆಯ ಚುಂಗು ಹಿಂಡುತ್ತಾ, "ಹಾಗೇ ಅಂದ್ರೆ ಅದ್ಯಾವ ಜಾಗ ಕೆಂಚಪ್ಪಣ್ಣ?" ಎಂದು ಕೇಳಿದ. ನನಗೆ ಅವನ ಮೇಲೆ ಕನಿಕರ ಬಂತು. ಆ ಕನಿಕರವೇ ಕೆಡಿಸಿತು.

ಅವನ ಮನೆಯಲ್ಲಿ ಲೋಟ ನೋಡಿದೆ. ನೀರು ಪಶ್ಚಿಮಕ್ಕೆ ಏರಿತ್ತು. ಗೆರೆ ಎಳೆದುಕೊಂಡು ಲೋಟ ಹಿಡಿದು ಗಡಿಯಾರದ ಕಂಬದ ಕಡೆಗೆ ಹೊರಟೆವು. ಲೋಟವನ್ನು ಕುಲುಕಿದರೆ ನೀರು ದಿಕ್ಕು ತಪ್ಪಿ, ಮತ್ತೆ ನೆಲೆಗೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಆದ್ದರಿಂದ ನಾನು ಒಂಬತ್ತು ತಿಂಗಳ ಬಸುರಿಯ ಹಾಗೆ ನಡೆಯುತ್ತೇನೆ. ಬಿಸಿಲು ತಲೆ ಸೀಳುತ್ತಿತ್ತು. ದಾರಿಯಲ್ಲಿ ಮಜ್ಜಿಗೆ ಅಂಗಡಿ ಕಂಡು ಕೂತೆ, ಸುಳ್ಳು ಹೇಳುವುದಿಲ್ಲ, ಎರಡು ಲೋಟ ಕುಡಿದೆ. ಕಂಬ ಮುಟ್ಟುವಾಗ ಮೊದಲ ಗೆರೆ ಎಳೆದು ಮುಕ್ಕಾಲು ಗಂಟೆ ಕಳೆದಿತ್ತು. ಅಲ್ಲಿ ನೀರು ದಕ್ಷಿಣಕ್ಕೆ ಏರಿ ನಿಂತಿತು. ಎರಡು ಗೆರೆಗಳೂ ಊರ ಅಂಚಿನಲ್ಲಿ, ಒಂದು ಮೈಲಿ ಆಚೆ, ಡ್ರಿಲ್ ಮೇಷ್ಟ್ರು ಜಯಶೀಲರ ಮನೆಯ ಮೇಲೆ ಕೂಡಿದವು. ಜಯಶೀಲರು ಮದುವೆಯಾಗದವರು, ಒಬ್ಬರೇ ಇರುವವರು. ತಿಪ್ಪೇಶಿಯ ಮುಖ ನೋಡುವಂತಿರಲಿಲ್ಲ.

ಮೂರನೆಯ ಗೆರೆಗೆ ಹಳೇ ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು, ರಸ್ತೆ ಸುಡುತ್ತಿತ್ತು. ಅವನು ಸಾಕು ಬುಡಣ್ಣ, ಬರ್ಕೊಡು ಎಂದ. ನಾನು ಬರೆದುಕೊಟ್ಟೆ. ಹದಿನಾಲ್ಕು ವರ್ಷದಲ್ಲಿ ಎರಡೇ ಗೆರೆಗೆ ನಾನು ಸಹಿ ಹಾಕಿದ್ದು ಅದೇ ಮೊದಲು. ಅವನು ಚೀಟಿ ಮಡಚಿ ಜೇಬಿಗೆ ಇಟ್ಟುಕೊಳ್ಳುವಾಗ ಲೋಟ ನನ್ನ ಕೈಯಲ್ಲಿತ್ತು. ಅಭ್ಯಾಸಬಲದಿಂದ ಮತ್ತೊಮ್ಮೆ ನೋಡಿದೆ. ನೀರು ಪೂರ್ವಕ್ಕೆ ತಿರುಗಿತ್ತು.

ಒಂದು ಮೈಲಿ ದಕ್ಷಿಣದಲ್ಲಿದ್ದವಳು ಐದು ನಿಮಿಷದಲ್ಲಿ ಪೂರ್ವಕ್ಕೆ ಬರಲು ಅವಳೇನು ಹಕ್ಕಿಯೇ? ಅವಳು ಅಲ್ಲೇ ಸಮೀಪದಲ್ಲಿ ಎಲ್ಲೋ ನಡೆಯುತ್ತಿದ್ದಳು, ಅಷ್ಟೆ. ಮೊದಲ ಗೆರೆ ಅವಳು ಒಂದು ಕಡೆ ಇದ್ದಾಗ ಎಳೆದದ್ದು, ಎರಡನೆಯದು ಇನ್ನೊಂದು ಕಡೆಗೆ ಹೋದಾಗ ಎಳೆದದ್ದು. ಎರಡೂ ಕೂಡಿದ ಜಾಗದಲ್ಲಿ ಅವಳು ಒಂದು ಕ್ಷಣವೂ ಇರಲಿಲ್ಲ. ಇದು ನನಗೆ ಅಲ್ಲಿಯೇ, ಆಗಲೇ ಗೊತ್ತಾಯಿತು. ಬಾಯಿ ಬಿಟ್ಟು ಹೇಳಬಹುದಿತ್ತು. ಸಹಿ ಹಾಕಿಯಾಗಿತ್ತಲ್ಲ. ಲೋಟ ಅವನ ಕೈಗೆ ಕೊಟ್ಟು, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ಗಂಡ ಹೆಂಡತಿ ಒಳಗೊಳಗೇ ಬಗೆಹರಿಸಿಕೊಳ್ಳುತ್ತಾರೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ಮಾರನೆಯ ದಿನ ತಿಪ್ಪೇಶಿಯ ಚಿಕ್ಕಪ್ಪಂದಿರು ಸೇರಿ ಪುರಸಭೆಗೆ ಅರ್ಜಿ ಕೊಡಿಸಿದರು. ಕಮಲಾಕ್ಷಿಯ ಲೋಟವನ್ನು ಬಯಲು ಕಪಾಟಿಗೆ ಇಡಬೇಕೆಂದು. ಬಯಲು ಕಪಾಟು ಎಂದರೆ ಪುರಸಭೆಯ ಪಡಸಾಲೆಯಲ್ಲಿ ಬಾಗಿಲಿಲ್ಲದ ಒಂದು ಮರದ ಕಪಾಟು. ಅದರಲ್ಲಿ ಹನ್ನೊಂದು ಲೋಟಗಳಿದ್ದವು, ಕಳ್ಳರದು, ಜೂಜುಕೋರರದು, ಓಡಿಹೋಗಿ ಸಿಕ್ಕಿಬಿದ್ದವರದು. ಕಂದಾಯ ಕಟ್ಟಲು ಸಾಲಿನಲ್ಲಿ ನಿಂತವರು ಹೊತ್ತು ಹೋಗದೆ ಅದನ್ನೇ ನೋಡುತ್ತಿರುತ್ತಾರೆ. ಹಿಂದೊಮ್ಮೆ ಕುಡಿದು ಗಲಾಟೆ ಮಾಡಿದ್ದ ಒಬ್ಬ ಕಾಂಪೌಂಡರನ ಲೋಟ ಒಂಬತ್ತು ವರ್ಷದಿಂದ ಅಲ್ಲೇ ಇದೆ. ಆತ ಬಹಿರ್ದೆಸೆಗೆ ಹೋದರೂ, ಓ ಹೊರಟ ನೋಡ್ರಪ್ಪ ಎನ್ನುವವರು ಆ ಸಾಲಿನಲ್ಲಿ ಒಬ್ಬರಾದರೂ ಇರುತ್ತಾರೆ. ಅಲ್ಲಿಗೆ ಹೋದ ಲೋಟ ಹಿಂದಕ್ಕೆ ಬಂದಿದ್ದನ್ನು ನಾನು ಕಂಡಿಲ್ಲ. ಸೋಮವಾರ ತೀರ್ಮಾನ ಎಂದು ಗೊತ್ತಾಯಿತು. ಅಷ್ಟರೊಳಗೆ ಗುರುವಾರ ತಾನು ಎಲ್ಲಿದ್ದೆ, ಯಾಕಿದ್ದೆ ಎಂದು ಅವಳೇ ಬಾಯಿ ಬಿಟ್ಟು ಹೇಳಿದರೆ ಅರ್ಜಿ ವಾಪಸು.

ಊರು ಎರಡು ಪಾಲಾಯಿತು. ಟೀ ಅಂಗಡಿಯಲ್ಲಿ ಒಂದು ಪಾಲು, ತಪ್ಪು ಮಾಡದವರಿಗೆ ಭಯ ಯಾಕೆ ಎಂದಿತು. ಇದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ಪುರಸಭೆ ಅಧ್ಯಕ್ಷ ರುದ್ರಮುನಿಯವರು. ಅವರದೂ ಉಳಿದ ಸದಸ್ಯರದೂ ಲೋಟಗಳು ಊರಿನ ಭದ್ರತೆಯ ದೃಷ್ಟಿಯಿಂದ ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿವೆ. ಇನ್ನೊಂದು ಪಾಲು, ಹೆಣ್ಣುಮಗಳ ಲೋಟವನ್ನು ಬಯಲಿಗಿಡುವುದು ತಪ್ಪು, ಗಂಡನ ಮನೆಯ ಗೂಡಿನಲ್ಲೇ ಇನ್ನಷ್ಟು ಹುಷಾರಾಗಿ ನೋಡಿಕೊಂಡರೆ ಸಾಕು ಎಂದಿತು. ಇವರು ನಮ್ಮ ಊರಿನ ಉದಾರಿಗಳು. ಪಾಪ, ಡ್ರಿಲ್ ಮೇಷ್ಟ್ರು ಬಂದು, ಆ ಹೊತ್ತಿನಲ್ಲಿ ನಾನು ಹಲ್ಲಿನ ಡಾಕ್ಟರ ಹತ್ತಿರ ದವಡೆ ಹಲ್ಲು ಕೀಳಿಸುತ್ತಿದ್ದೆ ಎಂದು ಕಾಗದದಲ್ಲಿ ಸುತ್ತಿದ ಹಲ್ಲನ್ನೇ ತೋರಿಸಿದರು. ಹಲ್ಲಿನ ಮೇಲೆ ತಾರೀಕು ಬರೆದಿದೆಯೇ ಎಂದು ಯಾರೋ ಕೇಳಿದರು. ಅವರು ಕೆನ್ನೆ ಊದಿಸಿಕೊಂಡು ಹೊರಟುಹೋದರು. ನಾನು ಮೂಲೆಯಲ್ಲಿ ಕುಳಿತು ಟೀ ಆರಿಸುತ್ತಿದ್ದೆ.

ಶನಿವಾರ ಸಾಕಮ್ಮನ ಮುಂದೆ ಎಲ್ಲ ಹೇಳಿಕೊಂಡೆ. ಬೈಯುತ್ತಾಳೆ ಎಂದು ಗೊತ್ತಿತ್ತು, ಬೈದಳು. ಕಾಲು ಸುಟ್ಟಿತೆಂದು ಇನ್ನೊಬ್ಬರ ಮನೆ ಸುಟ್ಟವರನ್ನು ನಾನು ನಿಮ್ಮಲ್ಲೇ ಕಂಡಿದ್ದು ಎಂದಳು. ಆಮೇಲೆ ತಣ್ಣಗೆ, ಸೋಮವಾರ ಎದ್ದು ನಿಂತು ತಪ್ಪಾಯಿತು ಅನ್ನಿ ಎಂದಳು. ನನಗೆ ಅದಕ್ಕಿಂತ ಸುಲಭದ ದಾರಿ ಕಾಣಿಸಿತ್ತು. ಕಮಲಾಕ್ಷಿಯೇ ಒಂದು ಮಾತು ಹೇಳಿಬಿಟ್ಟರೆ ಅವಳೂ ಉಳಿಯುತ್ತಾಳೆ, ನನ್ನ ಸಹಿಯೂ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಲೆಕ್ಕದಲ್ಲಿ ಗಿರಣಿಗೆ ಹೋದೆ.

ತಿಪ್ಪೇಶಿ ಊಟಕ್ಕೆ ಹೋಗಿದ್ದ. ಕಮಲಾಕ್ಷಿ ಒಬ್ಬಳೇ ರಾಗಿ ಬೀಸುತ್ತಿದ್ದಳು. ತಲೆ, ಹುಬ್ಬು, ತೋಳು ಎಲ್ಲ ಹಿಟ್ಟು. ನಲವತ್ತು ದಾಟಿದ ಹೆಂಗಸು, ಗಟ್ಟಿ ಆಳು, ಮೂಟೆಯನ್ನು ತಾನೇ ಎತ್ತಿ ಸುರಿಯುತ್ತಾಳೆ. ನನ್ನನ್ನು ನೋಡಿ ಗಿರಣಿಯ ಬೆಲ್ಟು ಬಿಟ್ಟಳು. ಸದ್ದು ನಿಂತಿತು. ಡಬ್ಬ ಹಿಡಿದು ಕಾಯುತ್ತಿದ್ದ ಇಬ್ಬರು ಗೊಣಗುತ್ತಾ ನೆರಳಿಗೆ ಹೋದರು. ನಾನು ಸುತ್ತು ಬಳಸದೆ, ಎಲ್ಲಿದ್ದೆ ಅಂತ ಒಂದು ಮಾತು ಹೇಳಿಬಿಡಮ್ಮ, ದೇವಸ್ಥಾನಕ್ಕೆ ಹೋಗಿದ್ದೆ ಅಂದರೂ ಸಾಕು ಎಂದೆ.

"ದೇವಸ್ಥಾನಕ್ಕೆ ಹೋಗಿರ್ಲಿಲ್ಲ ಅಣ್ಣ," ಎಂದಳು.

ಸರಿ, ಎಲ್ಲಿಗೆ ಹೋಗಿದ್ದೆಯೋ ಅದನ್ನೇ ಹೇಳು ಎಂದೆ. ಜಯಶೀಲರ ಮನೆಯಲ್ಲಿ ನೀನು ಇರಲಿಲ್ಲ ಅಂತ ನನಗೆ ಗೊತ್ತು ಎಂದೂ ಬಾಯಿ ತಪ್ಪಿ ಆಡಿಬಿಟ್ಟೆ. ಅವಳು ಬೈಯಬಹುದಿತ್ತು. ಬೈಯಲಿಲ್ಲ. ಜರಡಿ ತಟ್ಟಿ ಪಕ್ಕಕ್ಕಿಟ್ಟಳು.

"ಹೇಳೋಕಾಗ್ದಂಥದ್ದು ಏನೂ ಇಲ್ಲ. ಕೇಳಿದ್ರೆ ಇಷ್ಟೇನಾ ಅಂತ ನೀವೇ ನಗ್ತೀರಿ. ಹುಟ್ಟಿದಾಗಿಂದ ಅಪ್ಪ ನೋಡ್ದ, ಆಮೇಲೆ ಅಣ್ಣ ನೋಡ್ದ, ಇಪ್ಪತ್ತೆರಡು ವರ್ಷದಿಂದ ಇವ್ರು ನೋಡ್ತಾವ್ರೆ. ನೋಡ್ಲಿ. ದಿಕ್ಕು ನೋಡ್ಲಿ, ನಾನೇನು ಬಚ್ಚಿಟ್ಕೊಂಡಿಲ್ಲ. ಆದ್ರೆ ಗುರುವಾರದ ಎರಡು ಗಂಟೆ ಮಾತ್ರ ನಂದು. ಅದನ್ನೂ ಹೇಳ್ಬಿಟ್ರೆ, ಈ ಜರಡಿ, ಈ ಮೊರ ಇದ್ದಂಗೆ ಅದೂ ಮನೆ ಸಾಮಾನಾಗೋಗುತ್ತೆ."

ನನಗೆ ರೇಗಿತು. ಎಷ್ಟು ಹಟ ಎಂದರೆ ಎಷ್ಟು ಹಟ. ಬಯಲು ಕಪಾಟಿಗೆ ಹೋದರೆ ಎರಡು ಗಂಟೆಯಲ್ಲ, ಇಪ್ಪತ್ತನಾಲ್ಕು ಗಂಟೆಯೂ ಊರವರದಾಗುತ್ತದೆ, ಅದಾದರೂ ತಲೆಗೆ ಹೋಗುತ್ತದೆಯೇ ಎಂದೆ. ಗೊತ್ತು ಎಂದಳು. ನಿನ್ನೆಯಿಂದ ಅದನ್ನೇ ಯೋಚನೆ ಮಾಡುತ್ತಿದ್ದೇನೆ ಎಂದಳು. ಅವಳ ದನಿ ಅಲ್ಲಿ ಒಂದು ಸಲ ಒಡೆಯಿತು. "ಅವ್ರು ಕಿತ್ಕೊಂಡ್ರೆ ಕಿತ್ಕೊಂಡ್ರು ಅನ್ಬೋದು ಅಣ್ಣ. ನಾನೇ ಎತ್ಕೊಡೋಕಾಗಲ್ಲ." ಹಾಗೆಂದು ಬೆಲ್ಟು ಹಾಕಿದಳು. ಗಿರಣಿ ಶುರುವಾಯಿತು. ಆಮೇಲೆ ನಾನು ಏನು ಹೇಳಿದರೂ ಕೇಳಿಸುವಂತಿರಲಿಲ್ಲ.

ಭಾನುವಾರ ನನಗೆ ಅನ್ನ ಸೇರಲಿಲ್ಲ. ಅವಳ ಮೇಲೆ ಸಿಟ್ಟು, ತಿಪ್ಪೇಶಿಯ ಮೇಲೆ ಸಿಟ್ಟು, ಆ ಚಪ್ಪಲಿ ಹೊಲಿದವನ ಮೇಲೆ ಸಿಟ್ಟು. ಎಲ್ಲ ಸಿಟ್ಟನ್ನೂ ತಿರುವಿ ಹಾಕಿದ ಮೇಲೆ ತಳದಲ್ಲಿ ಉಳಿದದ್ದು ನನ್ನ ಮೇಲಿನದೇ. ಗಂಡಸೊಬ್ಬ ಅರವತ್ತೆರಡು ವರ್ಷಕ್ಕೆ ನಾಚಿಕೆಪಡುವುದು ಕಲಿತರೆ ಅದು ಮೈಗೆ ಒಗ್ಗುವುದಕ್ಕೆ ಸಮಯ ಹಿಡಿಯುತ್ತದೆ.

ಸೋಮವಾರ ಪುರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರ ಮೇಜಿನ ಮೇಲೆ ಕಮಲಾಕ್ಷಿಯ ಲೋಟ. ಅವಳು ಮೂರನೆಯ ಸಾಲಿನಲ್ಲಿ ಕುಳಿತಿದ್ದಳು, ತಿಪ್ಪೇಶಿ ಎರಡು ಕುರ್ಚಿ ಬಿಟ್ಟು. ರುದ್ರಮುನಿಯವರು ಅವಳನ್ನು ಕೊನೆಯ ಸಲ ಕೇಳಿದರು. ಅವಳು ತಲೆಯಾಡಿಸಿದಳು, ಇಲ್ಲ ಎಂದು. ಆಗ ನಾನು ಎದ್ದೆ. ಮಜ್ಜಿಗೆ ಕುಡಿದದ್ದು, ಚಪ್ಪಲಿ ಕಿತ್ತದ್ದು, ಮೂರನೆಯ ಗೆರೆ ಎಳೆಯದಿದ್ದದ್ದು, ನೀರು ಪೂರ್ವಕ್ಕೆ ತಿರುಗಿದ್ದನ್ನು ಕಂಡೂ ಸುಮ್ಮನಿದ್ದದ್ದು, ಒಂದನ್ನೂ ಬಿಡದೆ ಹೇಳಿದೆ. ನಡೆಯುತ್ತಿರುವ ಮನುಷ್ಯನ ಮೇಲೆ ಒಂದು ಲೋಟದಿಂದ ಎರಡು ಗೆರೆ ಎಳೆದರೆ ಅವು ಕೂಡುವ ಜಾಗ ಶುದ್ಧ ಸುಳ್ಳು, ಆ ತಾಯಿ ಆ ಮನೆಯ ಹತ್ತಿರವೂ ಹೋಗಿರಲಿಲ್ಲ, ನನ್ನ ಚೀಟಿ ಹರಿದು ಹಾಕಿ ಎಂದೆ. ನನ್ನ ಮೇಲೆ ಚಪ್ಪಲಿ ಬೀಳುತ್ತವೆ ಎಂದುಕೊಂಡು ಕುಳಿತೆ.

ಚಪ್ಪಲಿ ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಚೀಟಿ ಹರಿದರು, ಅರ್ಜಿ ವಜಾ ಮಾಡಿದರು, ಅಷ್ಟು ಒಳ್ಳೆಯದಾಯಿತು. ಆಮೇಲೆ ಸದಸ್ಯರೊಬ್ಬರು ಎದ್ದು, ಒಂದು ಲೋಟದಿಂದ ತಾನೇ ತಪ್ಪಾಗುವುದು, ಎರಡು ಲೋಟ ಮಾಡಿದರೆ ಹೇಗೆ ಎಂದರು. ನಾಮಕರಣದ ನೀರನ್ನು ಎರಡು ಲೋಟಕ್ಕೆ ಹಂಚಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಪುರಸಭೆಯಲ್ಲಿ ಇಟ್ಟರೆ ಒಂದೇ ಗಳಿಗೆಯಲ್ಲಿ ಎರಡೂ ಗೆರೆ ಸಿಗುತ್ತವೆ, ಯಾರು ಎಷ್ಟು ನಡೆದರೂ ತಪ್ಪಿಸಿಕೊಳ್ಳುವಂತಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಗೂಡಿನಲ್ಲೇ ಹುಷಾರಾಗಿ ನೋಡಿಕೊಳ್ಳಿ ಎಂದಿದ್ದ ಉದಾರಿಗಳೂ ತಟ್ಟಿದರು, ಇನ್ನು ಮುಂದೆ ಯಾವ ನಿರಪರಾಧಿಗೂ ಅನ್ಯಾಯವಾಗುವುದಿಲ್ಲವಲ್ಲ ಎಂದು. ರುದ್ರಮುನಿಯವರಿಗೆ ನನ್ನ ಪ್ರಾಮಾಣಿಕತೆ ಕಂಡು ಕಣ್ಣು ತುಂಬಿ ಬಂತಂತೆ. ಇಂಥವರೇ ನಮಗೆ ಬೇಕು ಎಂದು ಊರಿಡೀ ಲೋಟಗಳ ಉಸ್ತುವಾರಿಯನ್ನು ನನಗೇ ಕೊಡುವುದಾಗಿ ಠರಾವು ಮಾಡಿದರು. ನಾನು ಎದ್ದು, ಇನ್ನು ಮೇಲೆ ಪೆನ್ಸಿಲ್ ಮುಟ್ಟುವುದಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ಕೈ ಮುಗಿದೆ. ಶುಕ್ರವಾರದವರೆಗೆ ಯೋಚನೆ ಮಾಡಿ ಎಂದರು. ಇಲ್ಲವಾದರೆ ಅಧ್ಯಕ್ಷರ ಭಾವಮೈದುನ ಲೋಹಿತ ಇದ್ದಾನೆ, ಗೆರೆ ಎಳೆಯುವುದರಲ್ಲಿ ಬಹಳ ಚುರುಕು, ಬಿಸಿಲಿಗೆ ಹೆದರುವವನಲ್ಲ.

ಗದ್ದಲದ ನಡುವೆ ತಿಪ್ಪೇಶಿ ಹೆಂಡತಿಯ ಮುಂದೆ ನಿಂತಿದ್ದ. ಅವನ ಮುಖದಲ್ಲಿ ಕಲ್ಲಿಳಿದಂಥ ಸಮಾಧಾನವಿತ್ತು. ತಪ್ಪಾಯಿತು ಎಂದ. ಎಲ್ಲರಿಗೂ ಕೇಳಿಸುವ ಹಾಗೆಯೇ ಎಂದ, ಅದಕ್ಕೆ ಧೈರ್ಯ ಬೇಕು. ಆಮೇಲೆ ಅದೇ ಉಸಿರಿನಲ್ಲಿ, "ಹಂಗಾದ್ರೆ ಎಲ್ಲಿದ್ದೆ?" ಎಂದು ಕೇಳಿದ. ಕಮಲಾಕ್ಷಿ ಅವನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಗಿರಣಿ ತೆರೆಯುವ ಹೊತ್ತಾಯಿತು ಎಂದು ಹೊರಟುಹೋದಳು. ಅವಳ ಲೋಟವನ್ನು ಪದ್ಧತಿಯ ಪ್ರಕಾರ ಅವನ ಕೈಗೇ ಕೊಟ್ಟರು.

ಗುರುವಾರ ಎರಡೂಮುಕ್ಕಾಲಿಗೆ ತಿಪ್ಪೇಶಿ ಆಟೋದಲ್ಲಿ ಬಂದಿಳಿದ. ಮಡಿಲಲ್ಲಿ ಲೋಟ. ಆಟೋದವನಿಗೆ ನಿಧಾನ ಓಡಿಸು ಎಂದು ಹೇಳಿದ್ದೀನಿ, ಹತ್ತು ನಿಮಿಷ ಸಾಕು, ಮೂರೂ ಗೆರೆ ಎಳೆದುಬಿಡು ಎಂದ. ಇವನಿಗೆ ಏನೆನ್ನಬೇಕು? ನನ್ನ ಕೈಯ ಹೇಸಿಗೆಯನ್ನು ನಾನೇ ತೋರಿಸಿದ ಮೇಲೂ ಅದೇ ಕೈ ಬೇಕು ಅನ್ನುವವನಿಗೆ? ಅಷ್ಟು ಜನರ ಮುಂದೆ ತಪ್ಪಾಯಿತು ಎಂದವನು ನೀನೇ ಅಲ್ಲವೇನೋ ಎಂದೆ. ಅವನು ಜಗಲಿಯ ಮೇಲೆ ಕುಸಿದ.

"ಅವ್ಳ ಮೇಲೆ ಅನುಮಾನ ಇಲ್ಲ ಕಣಣ್ಣ, ದೇವ್ರಾಣೆ. ಆದ್ರೆ ಅವ್ಳು ನನ್ನ ಬಿಟ್ಟು ಎಲ್ಲೋ ಒಂದ್ಕಡೆ ಸುಖವಾಗಿದಾಳಲ್ಲ, ಅದ್ಯಾವ ಜಾಗ ಅಂತ ಗೊತ್ತಾಗ್ದೆ ನಂಗೆ ನಿದ್ದೆ ಬರ್ತಿಲ್ಲ. ನೀನು ಆಗಲ್ಲ ಅಂದ್ರೆ ಲೋಹಿತನ್ನ ಕರ್ಕೊಂಡೋಯ್ತೀನಿ."

ಸಾಕಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ನಾನು ಒಳಗೆ ಹೋಗಿ ನಕ್ಷೆ, ಪೆನ್ಸಿಲ್ ತಂದೆ. ರಜವಾದರೂ ನೀನು ಗಿರಣಿಯಲ್ಲೇ ಕಾದಿರು, ಜೊತೆಗೆ ಬಂದರೆ ನನಗೆ ಅಳತೆ ತಪ್ಪುತ್ತದೆ ಎಂದು ಅವನನ್ನು ಕಳಿಸಿದೆ. ನನ್ನ ಮನೆಯಲ್ಲೇ ಮೊದಲ ಸಲ ನೀರು ನೋಡಿಕೊಂಡೆ. ಆಟೋದಲ್ಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಎದುರಿನ ಕಲ್ಲುಬೆಂಚಿಗೆ ಹೋಗಿ ಎರಡನೆಯ ಸಲ ನೋಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ. ನೀರು ಸ್ವಲ್ಪವೂ ಅಲುಗುತ್ತಿರಲಿಲ್ಲ. ಈ ಗುರುವಾರ ಅವಳು ನಡೆಯುತ್ತಿರಲಿಲ್ಲ, ಎಲ್ಲೋ ಕುಳಿತಿದ್ದಳು. ಹದಿನಾಲ್ಕು ವರ್ಷದಲ್ಲಿ ಇಷ್ಟು ಒಳ್ಳೆಯ ಅಳತೆ ನನಗೆ ಸಿಕ್ಕಿರಲಿಲ್ಲ.

ನಕ್ಷೆಯನ್ನು ತೊಡೆಯ ಮೇಲೆ ಹರಡಿ ಮೊದಲ ಗೆರೆ ಎಳೆದೆ. ಎರಡನೆಯದನ್ನು ಬೆಂಚಿನಿಂದ ಶುರು ಮಾಡಿದೆ. ಪೆನ್ಸಿಲ್ ಮೆಲ್ಲಗೆ ಮೊದಲ ಗೆರೆಯ ಕಡೆಗೆ ಹೋಗುತ್ತಿತ್ತು. ನನಗೂ ತಿಳಿಯಬೇಕೆಂದು ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ, ತಿಪ್ಪೇಶಿಗಿಂತ ನನಗೇ ಹೆಚ್ಚಿತ್ತು. ಆ ಹೆಂಗಸು ಊರನ್ನೆಲ್ಲ ಎದುರು ಹಾಕಿಕೊಂಡು ಉಳಿಸಿಕೊಂಡ ಜಾಗ ಅದೆಂಥದ್ದು? ಅಲ್ಲಿ ಮರವಿದೆಯೋ, ನೀರಿದೆಯೋ, ಯಾರದೋ ಮನೆಯ ಜಗಲಿಯೋ? ನಗುತ್ತೀರಿ ಎಂದಿದ್ದಳಲ್ಲ, ನಗಬೇಕೆನ್ನಿಸುತ್ತಿತ್ತು. ಗೆರೆಗಳು ಕೂಡಲು ಎರಡು ಬೆರಳು ಉಳಿದಿದ್ದವು. ಅಲ್ಲಿಗೆ ಪೆನ್ಸಿಲ್ ಎತ್ತಿದೆ. ಎತ್ತಿದ ಮೇಲೂ ಕಣ್ಣು ತಾನಾಗಿ ಆ ಎರಡು ಬೆರಳನ್ನು ದಾಟಲು ನೋಡಿತು. ನಕ್ಷೆ ಮಡಚಿ ಅದರ ಮೇಲೆ ಕುಳಿತುಬಿಟ್ಟೆ. ಐದು ಗಂಟೆಯವರೆಗೆ, ಆಸ್ಪತ್ರೆಗೆ ಬಂದು ಹೋಗುವವರನ್ನು ನೋಡುತ್ತಾ, ಬೇಕೆಂದೇ ಹೊತ್ತು ಕಳೆದೆ.

ಚೀಟಿಯಲ್ಲಿ ನಾನು ಕುಳಿತಿದ್ದ ಜಾಗವನ್ನೇ ಬರೆದೆ. ಆಸ್ಪತ್ರೆಯ ಎದುರಿನ ಕಲ್ಲುಬೆಂಚು, ಮೂರರಿಂದ ಐದು. ಸಹಿ ಹಾಕಿದೆ. ತಿಳಿದೂ ತಿಳಿದೂ ಬರೆದ ಸುಳ್ಳು ಚೀಟಿ ಅದು.

ಗಿರಣಿಯಲ್ಲಿ ತಿಪ್ಪೇಶಿ ಚೀಟಿಯನ್ನು ಎರಡು ಸಲ ಓದಿದ. ಮೂರು ಗೆರೆಯೂ ಕೂಡಿದವೇ ಎಂದು ಕೇಳಿದ. ಕೂಡಿದವು ಎಂದೆ. ಒಬ್ಬಳೇ ಇದ್ದಳೇ ಎಂದು ಕೇಳಿದ. ಲೋಟ ಅದನ್ನು ಹೇಳುವುದಿಲ್ಲ, ಆದರೆ ಆ ಬೆಂಚಿನ ಮೇಲೆ ಒಬ್ಬರಿಗಿಂತ ಹೆಚ್ಚು ಜನ ಕೂರಲು ಜಾಗವಿಲ್ಲ ಎಂದೆ. ಅದು ನಿಜ, ನಾನೇ ಕುಳಿತು ಬಂದಿದ್ದೆ. ಅವನು ಮೂಟೆಯ ಮೇಲೆ ಕುಳಿತು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೆ ಮುಖದಲ್ಲಿ ಹಿಟ್ಟೇ ಹೆಚ್ಚಾಗಿತ್ತು. "ಬೆಂಚಿನ ಮೇಲೆ ಸುಮ್ನೆ ಕೂತಿರ್ತಾಳೆ, ಅಷ್ಟೇಯಾ," ಎಂದ. ಅವನಿಗೆ ನೆಮ್ಮದಿಯಾಯಿತೋ ನಿರಾಸೆಯಾಯಿತೋ ನನಗೆ ತಿಳಿಯಲಿಲ್ಲ. ಆಮೇಲೆ ತಲೆಯೆತ್ತಿ, ಮುಂದಿನ ಗುರುವಾರವೂ ಬಂದು ನೋಡಿಬಿಡಣ್ಣ, ಜಾಗ ಬದಲಾಯಿಸಿದರೆ ಗೊತ್ತಾಗಬೇಕಲ್ಲ ಎಂದ. ಬರುತ್ತೇನೆ ಎಂದೆ.

ಶುಕ್ರವಾರ ಬೆಳಿಗ್ಗೆ ನಾನು ಒಗೆದ ಅಂಗಿ ಹಾಕಿಕೊಂಡಿದ್ದನ್ನು ಕಂಡು ಸಾಕಮ್ಮ, ಪೆನ್ಸಿಲ್ ಮುಟ್ಟುವುದಿಲ್ಲ ಎಂದು ಸಭೆಯಲ್ಲಿ ಕೈ ಮುಗಿದವರು ಎಲ್ಲಿಗೆ ಹೊರಟಿರಿ ಎಂದಳು. ಪುರಸಭೆಗೆ, ಉಸ್ತುವಾರಿ ಕೆಲಸ ಒಪ್ಪಿಕೊಳ್ಳಲು ಎಂದೆ. ಅವಳ ಮುಖ ಕೆಂಪಾಯಿತು. ನಾಲ್ಕು ದಿನಕ್ಕೆ ನಾಚಿಕೆ ಆರಿಹೋಯಿತೇ ಎಂದಳು. ನನಗೂ ಕೋಪ ಬಂತು, ಈ ಊರಿನ ಮೇಲೆ, ಇಲ್ಲಿ ಒಬ್ಬರ ಮಾನ ಉಳಿಸಬೇಕಾದರೆ ಸಾಯುವವರೆಗೂ ಲೋಟ ಹೊತ್ತು ತಿರುಗಬೇಕಲ್ಲ ಎಂದು. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವಳಿಗೆ ಇಷ್ಟೇ ಹೇಳಿದೆ:

"ನಾನು ಹೋಗ್ದಿದ್ರೆ ಲೋಹಿತ ಹೋಗ್ತಾನೆ ಕಣೇ. ಅವ್ನು ಗೆರೆ ಕೂಡಿಸ್ಬಿಡ್ತಾನೆ."